ಹಾದಿ ನೋಡುವ ಎರಡು ಬಗೆ

ಅವ್ವ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಮಾಡಿದ ಮೊದಲ ಪಂಚಮಿ ಹಬ್ಬಕ್ಕೆ ತಂಗಿಯನ್ನು ಕರೆತರಲು ನಾನು ಹೋಗಲಿಲ್ಲ. ಹೋಗಲು ಆಗಲಿಲ್ಲ ಎಂದಲ್ಲ. ನನ್ನ ಕಾಲು ನೆಟ್ಟಗಿದ್ದವು, ಮೋಟರ್‌ಸೈಕಲ್ಲು ನೆಟ್ಟಗಿತ್ತು, ನಮ್ಮೂರು ಉಗರಗೋಳದಿಂದ ಅವಳ ರಾಮದುರ್ಗಕ್ಕೆ ಹೋಗುವ ಹಾದಿಯೂ ನೆಟ್ಟಗಿತ್ತು. ನೆಟ್ಟಗಿಲ್ಲದವನು ನಾನೊಬ್ಬನೇ. ಇದನ್ನು ಈವರೆಗೆ ಕೇಳಿದವರಿಗೆ ಒಂದೊಂದು ರೀತಿ ಹೇಳಿದ್ದೇನೆ. ಈಗ ಇದ್ದದ್ದು ಇದ್ದಂತೆ ಹೇಳುವ ಹುಕಿ ಬಂದದ್ದು ಇಂಗ್ಲಿಷಿನ ಎರಡು ಕ್ರಿಯಾಪದಗಳಿಂದ.

ಏಳನೆಯ ಇಯತ್ತೆಗೆ ಸಾಲೆ ಬಿಟ್ಟವನ ಬಾಯಲ್ಲಿ ಇಂಗ್ಲಿಷಿನ ಕ್ರಿಯಾಪದವೇ ಎಂದು ನಿಮಗೆ ನಗು ಬರಬಹುದು. ನಗಿ, ಆದರೆ ಎದ್ದು ಹೋಗಬೇಡಿ. ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಹಾದಿಯಲ್ಲಿ ನನ್ನದೊಂದು ತಗಡಿನ ಅಂಗಡಿ ಇದೆ. ಕುಂಕುಮ, ಭಂಡಾರ, ತೆಂಗಿನಕಾಯಿ, ಹಸಿರು ಬಳೆ. ಮುಂಜಾನೆ ಭಂಡಾರದ ಚೀಲದ ಬಾಯಿ ಬಿಚ್ಚಿದರೆ ಅರಿಸಿನದ ಹುಡಿ ಎದ್ದು ತಕ್ಕಡಿ, ಮೂಗು, ಫೋನು ಎಲ್ಲವೂ ಹಳದಿಯಾಗುತ್ತವೆ. ಆ ಘಾಟು ಮೂಗಿಗೆ ಹತ್ತುವ ಹೊತ್ತಿಗೆ ಸರಿಯಾಗಿ ಫೋನಿನಲ್ಲಿ ನನ್ನ ತಂಗಿ ನೀಲಾಳ ದನಿ ಬರುತ್ತದೆ.

ನನಗೆ ಬರುವುದಲ್ಲ. ಅಂಗಡಿಯ ಫೋನು ನನ್ನ ಹೆಂಡತಿಯ ಹೆಸರಿನಲ್ಲಿದೆ. ರಾಮದುರ್ಗದಲ್ಲಿ ನೀಲಾ ತನ್ನ ಮನೆಯ ಪಡಸಾಲೆಯಲ್ಲಿ ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಮಾತಾಡುವುದನ್ನು ಕಲಿಸುತ್ತಾಳೆ. ಬರಲಾಗದವರಿಗೆಂದು ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿ, ನೋಡಲು ಒಂದೇ ಥರ ಇರುವ ಎರಡು ಶಬ್ದಗಳನ್ನು ದಿನಾಲು ಬಾಯಿಂದ ಹೇಳಿ ಕಳಿಸುತ್ತಾಳೆ. ವೈನಿಯೂ ಕಲಿಯಲಿ ಎಂದು ನನ್ನ ಹೆಂಡತಿಯನ್ನೂ ಆ ಗುಂಪಿಗೆ ಸೇರಿಸಿದಳು. ನನ್ನ ಹೆಂಡತಿ ಒಂದು ಪಾಠ ಕೇಳಿ ಫೋನನ್ನು ಅಂಗಡಿಯಲ್ಲಿಟ್ಟು ಹೋದಳು.

"ಈ ಮನ್ಯಾಗ ನಾ ಕನ್ನಡ ಮಾತಾಡಿದ್ರನ ಯಾರೂ ಕಿವ್ಯಾಗ ಹಾಕ್ಕೊಳ್ಳೂದಿಲ್ಲ. ಇಂಗ್ಲೀಷ್ ಕಲ್ತು ಯಾರ ಮುಂದ ಒದರ್ಲಿ?" ಎಂದಳು.

ಹೀಗೆ ಹೆಂಡತಿಯ ಹೆಸರಿನಲ್ಲಿ ನಾನು ತಂಗಿಯ ವಿದ್ಯಾರ್ಥಿಯಾದೆ. ಇದು ನೀಲಾಗೆ ಗೊತ್ತಿರಲಿಲ್ಲ. ಸಾಲೆಯಲ್ಲಿ ಎಂದೂ ಇರದ ಶ್ರದ್ಧೆ ಈಗ ನನಗಿತ್ತು, ಏಕೆಂದರೆ ಯಾರೂ ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳುತ್ತಿರಲಿಲ್ಲ.

ಒಂದು ಮಾತು ಧೈರ್ಯವಾಗಿ ಹೇಳುತ್ತೇನೆ. ಇಂಥ ಜೋಡಿ ಶಬ್ದಗಳು ಓದಿದವರಿಗಿಂತ ಅಂಗಡಿಯವನಿಗೆ ಬೇಗ ತಿಳಿಯುತ್ತವೆ. ಒಂದು ದಿನ ಲುಕ್ ಮತ್ತು ಸೀ ಬಂದವು. ಲುಕ್ ಎಂದರೆ ಕಣ್ಣು ಅತ್ತ ತಿರುಗಿಸುವುದು, ಸೀ ಎಂದರೆ ಕಣ್ಣಿಗೆ ಬೀಳುವುದು ಎಂದು ನೀಲಾ ಬಗೆಬಗೆಯಾಗಿ ಬಿಡಿಸಿ ಹೇಳುತ್ತಿದ್ದಳು. ನಾನು ಗಿರಾಕಿಗಳನ್ನು ನೋಡುತ್ತಿದ್ದೆ. ಸೊಲ್ಲಾಪುರದ ಕಡೆಯ ಒಂದು ಹೆಣ್ಣುಮಗಳು ಬಳೆಯ ಗೊಂಚಲನ್ನು ಲುಕ್ ಮಾಡುತ್ತಲೇ ಇದ್ದಳು. ಕೆಳಗಿನ ಸಾಲಿನಲ್ಲಿದ್ದ ಗಾಜಿನ ಹಸಿರು ಬಳೆಯನ್ನು ಸೀ ಮಾಡಿದ ಕೂಡಲೇ ಕೈ ಚಾಚಿದಳು. ಪಾಠ ಮುಗಿಯಿತು. ಇನ್ನೊಂದು ದಿನ ಬ್ರಿಂಗ್ ಮತ್ತು ಟೇಕ್. ಈ ಕಡೆ ತರುವುದು ಒಂದು, ಆ ಕಡೆ ಒಯ್ಯುವುದು ಒಂದು. ಗುಡ್ಡ ಹತ್ತುವವರು ಕಾಯಿ ಟೇಕ್ ಮಾಡುತ್ತಾರೆ, ಇಳಿಯುವವರು ಪ್ರಸಾದ ಬ್ರಿಂಗ್ ಮಾಡುತ್ತಾರೆ. ನನಗಂತೂ ಇದರಲ್ಲಿ ಒಂದು ಗುಂಜಿಯಷ್ಟೂ ಸಂಶಯ ಉಳಿಯಲಿಲ್ಲ.

ಇಷ್ಟೆಲ್ಲ ಜಾಣನಾದ ಮೇಲೆ, ಈ ವರ್ಷ ಆ ಮುಂಜಾನೆ ಬಂದಿತು. ನಾಗರ ಅಮಾವಾಸ್ಯೆ ಇನ್ನೂ ಮುಂದಿತ್ತು. ಊರಲ್ಲಿ ಆಗಲೇ ಶೇಂಗಾ ಹುರಿಯುವ ವಾಸನೆ ಎದ್ದಿತ್ತು. ನಾನು ಭಂಡಾರ ಅಳೆಯುತ್ತ ಫೋನು ಒತ್ತಿದೆ.

"ಎಲ್ಲಾರಿಗೂ ನಮಸ್ಕಾರ್ರಿ," ಎಂದಳು ನೀಲಾ. "ಇವತ್ತಿನ ಎರಡು ಶಬ್ದ, ವೇಟ್ ಮತ್ತ ಎಕ್ಸ್‌ಪೆಕ್ಟ್. ಎರಡಕ್ಕೂ ನಾವು ಹಾದಿ ನೋಡೂದು ಅಂದ್ಬಿಡ್ತೀವಿ. ಆದ್ರ ಎರಡೂ ಒಂದಲ್ರಿ. ವೇಟ್ ಅಂದ್ರ ಮೈ ಮಾಡೂ ಕೆಲಸ. ಬಸ್‌ಸ್ಟ್ಯಾಂಡಿನ್ಯಾಗ ನಿಂತೀರಿ, ಹೊತ್ತು ಹೋಗಾಕ ಹತ್ತೈತಿ, ಅದು ವೇಟ್. ಎಕ್ಸ್‌ಪೆಕ್ಟ್ ಅಂದ್ರ ಮನಸಿನ ಕೆಲಸ. ಬರ್ತಾರ ಅನ್ನೂ ಭರೋಸೆ. ಮನ್ಯಾಗ ರೊಟ್ಟಿ ಬಡಕೋಂತನೂ ಎಕ್ಸ್‌ಪೆಕ್ಟ್ ಮಾಡಬಹುದು. ಪಂಚಮಿ ಬಂತಲ್ರಿ, ಈಗ ನೀವೆಲ್ಲಾ ಅದನ್ನ ಮಾಡಾಕ ಹತ್ತೀರಿ. ಐ ಆಮ್ ಎಕ್ಸ್‌ಪೆಕ್ಟಿಂಗ್ ಮೈ ಬ್ರದರ್. ಎಲ್ಲಾರೂ ಹೇಳ್ರಿ."

ಫೋನಿನೊಳಗಿಂದ ಒಬ್ಬೊಬ್ಬರೇ ಹೆಣ್ಣುಮಕ್ಕಳು ಆ ವಾಕ್ಯ ಹೇಳಿ ಕಳಿಸತೊಡಗಿದರು. ಐ ಆಮ್ ಎಕ್ಸ್‌ಪೆಕ್ಟಿಂಗ್ ಮೈ ಬ್ರದರ್. ಒಬ್ಬಳ ಹಿಂದೆ ಕುಕ್ಕರಿನ ಸೀಟಿ, ಇನ್ನೊಬ್ಬಳ ಹಿಂದೆ ಎಮ್ಮೆಯ ಕೂಗು. ನಾನು ಅಳೆಯುವುದನ್ನು ನಿಲ್ಲಿಸಿದೆ.

ನೀವು ಈ ಕಡೆಯವರಲ್ಲದಿದ್ದರೆ ಒಂದು ಸಂಗತಿ ತಿಳಿಸಬೇಕು. ನಮ್ಮಲ್ಲಿ ಮದುವೆ ಮಾಡಿ ಕೊಟ್ಟ ಹೆಣ್ಣುಮಗಳು ಪಂಚಮಿಗೆ ತಾನಾಗಿ ತವರಿಗೆ ಬರುವುದಿಲ್ಲ. ಬಸ್ಸು ಮನೆಯ ಮುಂದೆಯೇ ನಿಂತರೂ ಬರುವುದಿಲ್ಲ. ಅಣ್ಣನೋ ತಮ್ಮನೋ ಹೋಗಿ, ಆ ಮನೆಯ ಚಾಪೆಯ ಮೇಲೆ ಕುಳಿತು, ಊಟ ಮಾಡಿ, "ಕಳಿಸಿ ಕೊಡ್ರಿ" ಎಂದು ಕೇಳಿ ಕರೆತರಬೇಕು. ಬರಲಾಗದಷ್ಟು ತೊಂದರೆ ಇದ್ದರೆ ಶೇಂಗಾದ ಸಿಹಿ ಉಂಡಿ, ಹುರಿದ ಜೋಳದ ಅಳ್ಳು, ಕುಬಸದ ಅರಿವೆ ಇರುವ ಬುಟ್ಟಿಯನ್ನು ಯಾರ ಕೈಯಲ್ಲಾದರೂ ಕಳಿಸುತ್ತಾರೆ. ಬುಟ್ಟಿ ಬಂತೆಂದರೆ ಅಣ್ಣ ಬರುವುದಿಲ್ಲ ಎಂದೇ ಅರ್ಥ. ಓಣಿಯ ಕೂಸಿಗೂ ಅದು ಗೊತ್ತು. ನನಗೆ ಗೊತ್ತಿರಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಅವ್ವ ಇದ್ದಾಗ ನನ್ನನ್ನು ಆಕೆಯೇ ಎಬ್ಬಿಸಿ ಓಡಿಸುತ್ತಿದ್ದಳು. ಅವಳು ತೀರಿಕೊಂಡ ವರ್ಷ ಮನೆಯಲ್ಲಿ ಹಬ್ಬ ಮಾಡಲಿಲ್ಲ. ಮರುವರ್ಷದ ಪಂಚಮಿ ಬಂದಾಗ ಎಬ್ಬಿಸಿ ಓಡಿಸುವವರು ಯಾರೂ ಇರಲಿಲ್ಲ. ತಾಯಿ ಹೋದ ಮೇಲೂ ತವರು ಉಳಿದಿದೆಯೋ ಇಲ್ಲವೋ ಎಂದು ಹೆಣ್ಣುಮಗಳಿಗೆ ತಿಳಿಯುವುದು ಆ ಮೊದಲ ಹಬ್ಬದಲ್ಲಿ. ಅಂಥ ಹಬ್ಬವನ್ನು ನೋಡಿ ನಾನು ಸಿಟ್ಟು ತೀರಿಸಿಕೊಳ್ಳಲು ಕುಳಿತೆ.

ಎಂಥ ಸಿಟ್ಟು? ಹೇಳಲು ನಾಚಿಕೆಯಾಗುವಷ್ಟು ಸಣ್ಣದು. ನೀಲಾಳ ಗಂಡ ಕಾಲೇಜಿನಲ್ಲಿ ಕಲಿಸುವವರು. ಅವರ ಹೊಸ ಮನೆಯ ವಾಸ್ತುಶಾಂತಿಗೆ ನಾನು ಹೋಗಿದ್ದೆ. ಅವರ ಜೊತೆಯವರು ನಾಲ್ಕು ಜನ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಅವರಲ್ಲೊಬ್ಬರು ನನ್ನ ಕಡೆ ತಿರುಗಿ, "ನೀವೇನು ಓದೀರಿ?" ಎಂದರು. ನಾನು ಬಾಯಿ ತೆರೆಯುವುದರೊಳಗೆ ಅಡಿಗೆಮನೆಯ ಬಾಗಿಲಿನಿಂದ ನೀಲಾ, "ಅಣ್ಣ ಬಿಸಿನೆಸ್ ಮಾಡ್ತಾನ್ರಿ, ಗುಡ್ಡದಾಗ ದೊಡ್ಡ ಅಂಗಡಿ ಐತಿ" ಎಂದಳು. ನಾಲ್ಕು ತಗಡಿನ ಅಂಗಡಿಯನ್ನು ಅಷ್ಟು ಬೇಗ ದೊಡ್ಡದಾಗಿ ಕಟ್ಟಿದ ಗವಂಡಿ ನಮ್ಮ ತಾಲೂಕಿನಲ್ಲಿ ಹುಟ್ಟಿಲ್ಲ. ಎಲ್ಲರೂ ತಲೆಯಾಡಿಸಿ ಮಾತು ಮುಂದುವರಿಸಿದರು. ನನ್ನ ಎದೆಯಲ್ಲಿ ಮಾತ್ರ ಒಂದು ಮುಳ್ಳು ಮುರಿದು ಉಳಿಯಿತು. ನಾನು ಕಲಿಯದವನೆಂದು ನನ್ನ ತಂಗಿಗೇ ನಾಚಿಕೆ ಎಂದುಕೊಂಡೆ.

ಆಕೆ ನನ್ನನ್ನು ಮುಚ್ಚಿಡಲಿಲ್ಲ, ಕಾಪಾಡಿದಳು. ಇದು ನನಗೆ ಈಗ ಗೊತ್ತು. ಆಗ ನನ್ನ ಲೆಕ್ಕ ಬೇರೆ ಇತ್ತು. ನಾನು ಸಾಲೆ ಬಿಟ್ಟದ್ದು ಆಕೆ ಕಲಿಯಲಿ ಎಂದು, ಆಕೆ ನನ್ನ ಹೆಗಲ ಮೇಲೆ ನಿಂತು ಮೇಲೆ ಹೋದಳು ಎಂದು ಹತ್ತು ಮಂದಿಯ ಮುಂದೆ ಹೇಳಿ ಹೇಳಿ ನಾನೇ ನಂಬಿಬಿಟ್ಟಿದ್ದೆ. ನಿಜ ಹೇಳಲೇ? ಸಾಲೆಯಿಂದ ನನ್ನನ್ನು ಯಾರೂ ಬಿಡಿಸಲಿಲ್ಲ. ಅಪ್ಪ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಸಾಲೆಯಲ್ಲಿ ಕೂಡಿಸುತ್ತಿದ್ದ. ನಾನು ಹಿಂಬಾಗಿಲಿನಿಂದ ಹೊರಟು, ಗುಡ್ಡಕ್ಕೆ ಬಂದ ಚಕ್ಕಡಿಗಳನ್ನು ನೋಡುತ್ತ ಅಪ್ಪನಿಗಿಂತ ಮೊದಲೇ ಅಂಗಡಿ ಸೇರುತ್ತಿದ್ದೆ. ನೀಲಾ ಆಗ ಇನ್ನೂ ಅ ಆ ತಿದ್ದುತ್ತಿದ್ದಳು. ಆಕೆಗಾಗಿ ನಾನು ಏನನ್ನೂ ಬಿಡಲಿಲ್ಲ.

ಅವ್ವ ಹೋದ ಮೇಲಿನ ಆ ಪಂಚಮಿಯ ಹಿಂದಿನ ದಿನಗಳಲ್ಲಿ ನನ್ನ ಹೆಂಡತಿ ಉಂಡಿ ಕಟ್ಟಿ, ಬುಟ್ಟಿ ತುಂಬಿ, ಮೇಲೊಂದು ಹೊಸ ಟವೆಲ್ಲು ಹೊಲಿದು ಇಟ್ಟಿದ್ದಳು. ನಾನು ಅದನ್ನು ಎತ್ತಿಕೊಂಡು ಹೋಗಿ ಸವದತ್ತಿಯ ಬಸ್‌ಸ್ಟ್ಯಾಂಡಿನಲ್ಲಿ ಹುಸೇನಸಾಬನ ಕೈಗೆ ಕೊಟ್ಟೆ. ಹುಸೇನಸಾಬ ರಾಮದುರ್ಗದ ಬಸ್ಸಿನ ಡ್ರೈವರು, ನನ್ನ ಹಳೆಯ ಗೆಳೆಯ.

"ನೀ ಬರೂದಿಲ್ಲೇನಪಾ?" ಎಂದ ಅವನು.

"ಅಂಗಡ್ಯಾಗ ಭಾಳ ಗದ್ದಲೈತಿ."

"ಪಂಚಮಿಗೆ ನಿಮ್ಮ ಅಂಗಡ್ಯಾಗ ನೊಣನೂ ಇರೂದಿಲ್ಲಲ್ಲೋ ಮಾರಾಯಾ," ಎಂದ. ಅವನು ಸುಳ್ಳು ಹೇಳಲಿಲ್ಲ. ನಾನು ಕೇಳದವನಂತೆ ಬಸ್ಸಿನಿಂದ ಇಳಿದೆ.

ಬಸ್ಸು ಹೋಗಿ ಸ್ವಲ್ಪ ಹೊತ್ತಿಗೆ ನೀಲಾಳ ಫೋನು ಬಂತು. "ಅಣ್ಣಾ, ಯಾವ ಬಸ್ಸಿಗೆ ಬರ್ತಿ? ಚೀಲ ಕಟ್ಟಿ ಇಟ್ಟೇನಿ. ಅತ್ತಿಯಾರೂ ಹೂಂ ಅಂದಾರ."

ಆ ದನಿಯಲ್ಲಿದ್ದ ಹಿಗ್ಗು ಕೇಳಿ ಒಂದು ಗಳಿಗೆ ನನ್ನ ಕಾಲು ಮೋಟರ್‌ಸೈಕಲ್ಲಿನ ಕಡೆ ಹೋದದ್ದು ಖರೆ. ಬಾಯಿ ಮಾತ್ರ ಬೇರೆಯೇ ಹೇಳಿತು. "ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟಾರಂತವಾ. ನಿಮ್ಮಲ್ಲಿ ಹೊಳಿ ತುಂಬಿ ಸೇತುವಿ ಮ್ಯಾಲ ಬಂದೈತಂತ. ಹೆಂಗ ಬರ್ಲಿ?"

ಈಗ ನನ್ನ ಬುದ್ಧಿವಂತಿಕೆಯನ್ನು ನೋಡಿ. ನೀಲಾಳ ಮನೆಯ ಮಾಳಿಗೆಯ ಮೇಲೆ ನಿಂತರೆ ಮಲಪ್ರಭೆ ಕಾಣುತ್ತದೆ. ಹೊಳೆಯ ದಂಡೆಯಲ್ಲಿ ಕುಳಿತವಳಿಗೆ ಗುಡ್ಡದ ಬುಡದಲ್ಲಿ ಕುಳಿತ ನಾನು ಹೊಳೆಯ ಸುದ್ದಿ ಹೇಳುತ್ತಿದ್ದೆ. ಅದಲ್ಲದೆ ನಾನೇ ಕಳಿಸಿದ ಬುಟ್ಟಿ ಅದೇ ಸೇತುವೆಯ ಮೇಲಿಂದ ಅವಳ ಊರಿನ ಕಡೆ ಹೊರಟಿತ್ತು. ಸುಳ್ಳು ಹೇಳಲೂ ನಾಲ್ಕು ಅಕ್ಷರ ಕಲಿತಿರಬೇಕೆಂದು ಕಾಣುತ್ತದೆ.

ಆಕೆ, "ಹೌದೇನಣ್ಣಾ? ಹಂಗಾರ ಬರಬ್ಯಾಡ. ಜ್ವಾಕಿ," ಎಂದು ಫೋನು ಇಟ್ಟಳು. ಜಗಳ ಮಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಹಬ್ಬ ಮುಗಿದ ಮೇಲೆ ಹುಸೇನಸಾಬ ಅಂಗಡಿಗೆ ಬಂದ. ಚಹಾ ತರಿಸಿದೆ. ಅವನು ಕುಡಿಯದೆ ಕೈಯಲ್ಲಿ ಹಿಡಿದುಕೊಂಡೇ ಕುಳಿತ.

"ನಿನ್ನ ತಂಗಿ ಸ್ಟ್ಯಾಂಡಿನ್ಯಾಗ ನಿಂತಿದ್ಲಪಾ. ಬಸ್ಸು ನಿಂತ ಕೂಡ್ಲೆ ಒಂದೊಂದ ಕಿಟಕಿ ನೋಡ್ಕೋಂತ ಬಂದ್ಲು. ನಾ ಬುಟ್ಟಿ ಕೊಟ್ಟೆ. 'ಹಾದಿ ಹೆಂಗೈತ್ರಿ ಕಾಕಾ?' ಅಂದ್ಲು. ನನಗೇನ ಗೊತ್ತು? 'ಒಣಾ ಹಾದಿ ಐತವ್ವಾ, ಧೂಳ ನೋಡ ಮೈಮ್ಯಾಲ' ಅಂದೆ."

"ಆಮ್ಯಾಲ?"

"ಸವದತ್ತಿಯಿಂದ ಮುಂದಿನ ಬಸ್ಸು ಯಾವಾಗ ಅಂತ ಕೇಳಿದ್ಲು. ಬುಟ್ಟಿ ಕಾಲಾಗ ಇಟಗೊಂಡು ಅಲ್ಲೇ ಕಟ್ಟಿ ಮ್ಯಾಲ ಕುಂತ್ಲು. ನಾ ತಿರುಗಿ ಬಸ್ಸು ಹೊಡಕೊಂಡು ಬರೂತನಕಾ ಅಲ್ಲೇ ಇದ್ಲು." ಅವನು ಚಹಾವನ್ನು ಹಾಗೆಯೇ ಕೆಳಗಿಟ್ಟು ಎದ್ದುಹೋದ. ನಮ್ಮಿಬ್ಬರ ಗೆಳೆತನದಲ್ಲಿ ಅವನು ಚಹಾ ಬಿಟ್ಟು ಹೋದದ್ದು ಅದೊಂದೇ ಸಲ.

ಮರುವರ್ಷ ನಾನು ಅಮಾವಾಸ್ಯೆಗೂ ಮೊದಲೇ ರಾಮದುರ್ಗಕ್ಕೆ ಹೋದೆ. ನೀಲಾ ಹೋಳಿಗೆ ಮಾಡಿ ಬಡಿಸಿದಳು, ಅಂಗಡಿಯ ಸುದ್ದಿ ಕೇಳಿದಳು, ಗಂಡನ ಹೊಸ ಅಂಗಿಯ ಅರಿವೆ ಕಟ್ಟಿಕೊಟ್ಟಳು. ಹಬ್ಬಕ್ಕೆ ನನ್ನ ಜೊತೆ ಹೊರಡುವ ಮಾತೆತ್ತಿದರೆ, "ಕ್ಲಾಸ್ ಅದಾವಣ್ಣಾ" ಎಂದಳು. ಅದರಾಚೆಯ ವರ್ಷವೂ ಕ್ಲಾಸು. ಆಮೇಲೆ ನಾನು ಫೋನಿನಲ್ಲಿಯೇ ಕರೆಯತೊಡಗಿದೆ, ಆಕೆ ಫೋನಿನಲ್ಲಿಯೇ ಕ್ಲಾಸು ಎನ್ನತೊಡಗಿದಳು. ಮದುವೆಗೆ ಬರುತ್ತಾಳೆ, ಕಾಯಿಲೆಗೆ ಬರುತ್ತಾಳೆ, ನನ್ನ ಕಣ್ಣಿನ ಆಪರೇಷನ್ ಆದಾಗ ವಾರಗಟ್ಟಲೆ ಬಂದು ಉಳಿದಳು. ಪಂಚಮಿಗೆ ಮಾತ್ರ ಬರುವುದಿಲ್ಲ. ನಮ್ಮ ಬಾಯಿಂದ ಆ ವರ್ಷದ ಮಾತೂ ಬರುವುದಿಲ್ಲ. ಬಹಳ ಮನೆಗಳಲ್ಲಿ ಇಂಥದೊಂದು ವರ್ಷ ಇರುತ್ತದೆ. ಎಲ್ಲರೂ ಅದನ್ನು ಮೆಲ್ಲಗೆ ಸುತ್ತಿ ಹಾದುಹೋಗುತ್ತಾರೆ.

ಅಂಗಡಿಯಲ್ಲಿ ಆ ಮುಂಜಾನೆ ಹೆಣ್ಣುಮಕ್ಕಳ ಎಕ್ಸ್‌ಪೆಕ್ಟಿಂಗ್ ಇನ್ನೂ ಮುಗಿದಿರಲಿಲ್ಲ. ಕೊನೆಗೆ ಒಬ್ಬಳು, ದನಿಯಿಂದಲೇ ಹೊಸದಾಗಿ ಮದುವೆಯಾದವಳೆಂದು ತಿಳಿಯುತ್ತಿತ್ತು, ಒಂದು ಪ್ರಶ್ನೆ ಕಳಿಸಿದಳು.

"ಮೇಡಮ್, ಬರೂದಿಲ್ಲಂತ ಪಕ್ಕಾ ಗೊತ್ತಿದ್ರ ಎಕ್ಸ್‌ಪೆಕ್ಟ್ ಅನ್ನಾಕ ಬರೂದಿಲ್ಲ, ಖರೆ. ವೇಟ್ ಅನ್ನಬಹುದೇನ್ರಿ? ಬರೂದಿಲ್ಲಂತ ಗೊತ್ತಿದ್ದವರ ಸಲುವಾಗಿ ವೇಟ್ ಯಾಕ ಮಾಡ್ತಾರ್ರೀ?"

ಇನ್ಯಾರೋ ಅದಕ್ಕೆ ನಗುವ ಮುಖದ ಚಿತ್ರ ಹಾಕಿದರು. ನಾನು ಫೋನನ್ನು ಒರೆಸಿ, ಕಿವಿಗೆ ಹಿಡಿದು ಕುಳಿತೆ. ನೀಲಾಳ ಉತ್ತರ ಬರಲು ತಡವಾಯಿತು.

"ಅನ್ನಬಹುದವಾ. ನಾ ಮಾಡೇನಿ," ಎಂದಳು. "ಇಂಗ್ಲೀಷಿನ್ಯಾಗ ಅದೇನೂ ತಪ್ಪಲ್ಲ." ಆಮೇಲೆ, "ನಾಳೆ ಎಲ್ಲಾರೂ ಎರಡೆರಡು ವಾಕ್ಯ ಕಳಸ್ರಿ," ಎಂದು ಮುಗಿಸಿದಳು.

ಆ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಲುಕ್ ಮತ್ತು ಸೀ ಬಿಡಿಸಿದ ಹಾಗೆಯೇ ಬಿಡಿಸಿ ಹೇಳಿದಳು. ನಾನು ಇಷ್ಟು ವರ್ಷ ಒಂದು ಸಮಾಧಾನ ಇಟ್ಟುಕೊಂಡಿದ್ದೆ: ನನ್ನ ಸುಳ್ಳನ್ನು ಆಕೆ ತುಸುವಾದರೂ ನಂಬಿರಬೇಕು, ಅಣ್ಣ ಮುಂದಿನ ಬಸ್ಸಿಗಾದರೂ ಬಂದಾನೆಂದು ಕುಳಿತಿರಬೇಕು ಎಂದು. ಭರೋಸೆ ಇದ್ದವಳಿಗೆ ಹೊತ್ತು ಹಗುರಾಗಿ ಹೋಗುತ್ತದೆ. ಆದರೆ ಆಕೆಗೆ ಹೊಳೆಯೂ ಕಾಣುತ್ತಿತ್ತು, ಹಾದಿಯೂ ಗೊತ್ತಾಗಿತ್ತು, ಬುಟ್ಟಿಯ ಅರ್ಥವೂ ಗೊತ್ತಿತ್ತು. ಎಲ್ಲ ಗೊತ್ತಿದ್ದೂ ಕುಳಿತಿದ್ದಳು. ಚೀಲ ಕಟ್ಟಿ, ಅಣ್ಣನನ್ನು ಕರೆತರುತ್ತೇನೆಂದು ಅತ್ತೆಯ ಮುಂದೆ ಹೇಳಿ ಸ್ಟ್ಯಾಂಡಿಗೆ ಹೊರಟವಳು ಅಷ್ಟು ಬೇಗ ಬರೀ ಬುಟ್ಟಿ ಹಿಡಿದು ಮನೆಗೆ ಹೇಗೆ ತಿರುಗಿ ಹೋದಾಳು? ಒಂದಿಷ್ಟು ಹೊತ್ತು ಅಲ್ಲೇ ಕಳೆಯಬೇಕಿತ್ತು, ಕಳೆದಳು. ಇದನ್ನು ತಿಳಿಯಲು ನನಗೆ ಇಂಗ್ಲಿಷ್ ಬೇಕಾಯಿತು.

ತಕ್ಕಡಿ ಮುಚ್ಚಿಟ್ಟು, ಹೆಂಡತಿಯನ್ನು ಅಂಗಡಿಗೆ ಕರೆದೆ.

"ಎಲ್ಲಿಗ್ರಿ ಸವಾರಿ?"

"ರಾಮದುರ್ಗಕ್ಕ."

ಆಕೆ ನನ್ನ ಮುಖ ನೋಡಿದಳು. "ಕರಿಯಾಕ ಹೊಂಟೀರೇನು? ಅಕಿ ಬರೂದಿಲ್ಲ, ಗೊತ್ತೈತಿಲ್ಲೋ?"

"ಬರದಿದ್ರ ಬರದಿರ್ಲಿ," ಎಂದೆ. "ನನ್ನ ಕೆಲಸ ಬ್ಯಾರೆ ಐತಿ."

"ಮಾರಿ ಮ್ಯಾಲಿನ ಅರಿಷಿಣಾ ಒರಸ್ಕೊಂಡು ಹೋಗ್ರಿ. ಮದಿಮಗಾ ಅಂದಾರು," ಎಂದಳು.

ನಡುಹಾದಿಯ ಕಟಕೋಳದ ಬಳಿ ಚಹಾಕ್ಕೆ ಕೂಡ ನಿಲ್ಲಲಿಲ್ಲ. ಮನಸ್ಸು ಗಟ್ಟಿಯಾಗಿತ್ತು. ಗಟ್ಟಿಯಾದ ಮನಸ್ಸನ್ನು ನಡುವೆ ಚಹಾಕ್ಕೆ ನಿಲ್ಲಿಸಿದರೆ ಏನಾಗುತ್ತದೆ ಎಂದು ನನಗೆ ನನ್ನ ಅನುಭವದಿಂದ ಗೊತ್ತು.

ನಾನು ಹೋದಾಗ ನೀಲಾಳ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಗಂಡ ಕಾಲೇಜಿಗೆ ಹೋಗಿದ್ದರು, ಮಧ್ಯಾಹ್ನದ ತರಗತಿಗೆ ಇನ್ನೂ ಹೊತ್ತಿತ್ತು. ಆಕೆ ಪಡಸಾಲೆಯ ಹಲಗೆ ಒರೆಸುತ್ತಿದ್ದಳು. ನನ್ನನ್ನು ಕಂಡು ಒರೆಸುವ ಅರಿವೆಯನ್ನು ಹಾಗೆಯೇ ಹಿಡಿದು ನಿಂತಳು. ತಲೆಯಲ್ಲಿ ಅಲ್ಲಲ್ಲಿ ಬೆಳ್ಳಗಾಗಿತ್ತು. ಅದನ್ನು ನಾನು ಅಂದೇ ನೋಡಿದೆ.

"ಅಣ್ಣಾ? ಫೋನರ ಮಾಡಬಾರದ? ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲೋ?"

"ಎಲ್ಲಾ ಆರಾಮ."

"ಕುಂದ್ರು. ನೀರು ತರ್ತೇನಿ." ನೀರು ತಂದಳು. ನಾನು ಕುಡಿದೆ. ಆಕೆ ನೆಲದ ಮೇಲೆ ಕುಳಿತು ನನಗಿಂತ ಮೊದಲು ತಾನೇ ದಾರಿ ಮುಚ್ಚಿದಳು. "ಪಂಚಮಿಗೆ ಕರಿಯಾಕ ಬಂದಿದ್ರ ಹೇಳಿಬಿಡ್ತೇನಿ ನೋಡಣ್ಣಾ, ಈ ವರ್ಷನೂ ಕ್ಲಾಸ್..."

"ಕರಿಯಾಕ ಬಂದಿಲ್ಲ," ಎಂದೆ. "ಕರಿಯೂದು ಆಮ್ಯಾಲ. ನೀ ಬರೂದು ಬಿಡೂದು ನಿನಗ ಬಿಟ್ಟದ್ದು. ಅದಕ್ಕೂ ಮೊದಲ ಒಂದು ಹೇಳೂದೈತಿ. ನಡುವ ಮಾತಾಡಬ್ಯಾಡ, ನಿಂತ್ರ ನನಗ ಮತ್ತ ಬರೂದಿಲ್ಲ."

ಆಕೆ ಅರಿವೆಯನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡಳು.

"ಅವ್ವ ಹೋದ ಮ್ಯಾಲಿನ ಪಂಚಮಿಗೆ ಹೊಳಿಗೆ ನೀರು ಬಂದಿರಲಿಲ್ಲ."

"ಗೊತ್ತೈತಣ್ಣಾ."

"ನಿನಗ ಗೊತ್ತಿತ್ತಂತ ನನಗೂ ಗೊತ್ತೈತಿ. ಆದ್ರ ಅದನ್ನ ನಾ ನನ್ನ ಬಾಯಿಂದ ಹೇಳಬೇಕಲ್ಲ. ಅಂಗಡ್ಯಾಗ ಗದ್ದಲ ಇರಲಿಲ್ಲ. ಗಾಡಿ ಕೆಟ್ಟಿರಲಿಲ್ಲ. ಬರಬಾರದಂತನ ಕುಂತಿದ್ದೆ. ನೀ ನನ್ನಕಿಂತ ಮ್ಯಾಲ ಹ್ವಾದಿ, ನಿನ್ನ ಮಂದಿ ಮುಂದ ನಾ ಸಣ್ಣಾವಾದೆ ಅಂತ ಹೊಟ್ಟಿಕಿಚ್ಚು. ಅದನ್ನ ನಿನ್ನ ಮ್ಯಾಲ ತೀರಿಸ್ಕೊಂಡೆ. ಅವ್ವ ಇಲ್ಲದ ಹೊತ್ತಿನ್ಯಾಗ, ಯಾರನ್ನ ಕರಿಯಬೇಕಿತ್ತೋ ಅಕಿನ್ನ ಸ್ಟ್ಯಾಂಡಿನ್ಯಾಗ ಕುಂದ್ರಿಸಿದೆ. ನೀ ಕುಂತಿದ್ದು ನನಗ ಆಗಿಂದನೂ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ವರ್ಷ ನಿನ್ನ ಕೈಲೆ ಹೋಳಿಗಿ ಉಂಡು ಸುಮ್ಮನ ಹೋದೆ. ನಂದು ತಪ್ಪಾತು ನೀಲವ್ವಾ. ಭಾಳ ದೊಡ್ಡ ತಪ್ಪಾತು."